ಹಗೇವಿನ ಚೀಸ್

ಆ ಆಹಾರ ಮೇಳದ ಮಾತೆತ್ತಿದರೆ ಇವತ್ತಿಗೂ ನನಗೆ ಪಿತ್ತ ನೆತ್ತಿಗೇರುತ್ತದೆ. ನೆಂಟರು ಬಂದಾಗ ನಮ್ಮ ಮನೆಯವರು ಅದನ್ನು ನಗೆಚಟಾಕಿಯ ಹಾಗೆ ಹೇಳಲು ಶುರುಮಾಡುತ್ತಾರೆ. ನಾನು ಎದ್ದು ಒಳಗೆ ಹೋಗುತ್ತೇನೆ.

ನಮ್ಮದು ಹೊಳೆನರಸೀಪುರದ ಹತ್ತಿರದ ಹಳ್ಳಿ. ಮನೆಯವರು ಊರಿನ ಡೇರಿಯಲ್ಲಿ ಹಾಲು ಅಳೆಸಿಕೊಳ್ಳುವವರು. ನಾನು ಪನೀರ್ ಮಾಡಿ ಹಾಸನದ ಹೋಟೆಲುಗಳಿಗೆ ಹಾಕುತ್ತಿದ್ದೆ. ಪನೀರಿಗೇನು, ಹಾಲು ಒಡೆಸಲು ಬಂದವರೆಲ್ಲ ಮಾಡುತ್ತಾರೆ. ನನಗೆ ಹಿಡಿದಿದ್ದು ಗಟ್ಟಿ ಚೀಸಿನ ಹುಚ್ಚು. ಅದು ತಂಪಿನಲ್ಲಿ ತಿಂಗಳುಗಟ್ಟಲೆ ಮಾಗಬೇಕು. ತಂಪು ಕೋಣೆ ಕಟ್ಟಿಸುವ ಶಕ್ತಿ ನಮಗೆಲ್ಲಿ? ಹಿತ್ತಿಲಲ್ಲಿ ಹಗೇವಿತ್ತು, ಹಿಂದಿನವರು ನೆಲದೊಳಗೆ ಅಗೆದು ರಾಗಿ ತುಂಬಿಡುತ್ತಿದ್ದ ಗುಂಡಿ. ಅದನ್ನೇ ಗುಡಿಸಿ, ಸುಣ್ಣ ಬಳಿದು, ಹಲಗೆ ಜೋಡಿಸಿ ಚೀಸಿನ ಗುಂಡುಗಳನ್ನು ಇಟ್ಟೆ.

ಹಗೇವಿಗೆ ಸುಮ್ಮನೆ ಇಳಿಯುವ ಹಾಗಿಲ್ಲ, ಒಳಗೆ ಉಸಿರುಗಟ್ಟಿಸುವ ಗಾಳಿ ನಿಂತಿರುತ್ತದೆ. ಬಾಯಿ ತೆರೆದಿಟ್ಟು ಗಾಳಿಯಾಡಿಸಬೇಕು, ಲಾಟೀನು ಇಳಿಬಿಟ್ಟು ದೀಪ ಆರದಿದ್ದರೆ ಮಾತ್ರ ಏಣಿಯ ಮೇಲೆ ಕಾಲಿಡಬೇಕು. ದಿನಾ ಬೆಳಿಗ್ಗೆ ಇಳಿದು ಒಂದೊಂದೇ ಗುಂಡನ್ನು ಮಗುಚಿ, ಉಪ್ಪುನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಉಪ್ಪಿಗೆ ಬೆರಳುಗಳು ಬಿರಿದವು. ಅತ್ತೆ ಮೇಲಿಂದ ಇಣುಕಿ, "ಆಲಿಗೆ ಬೂಷ್ಟು ಬರ್ಸಾಕೆ ಇಷ್ಟ್ ಒದ್ದಾಡ್ತೀಯಲ್ಲವ್ವಾ" ಎನ್ನುತ್ತಿದ್ದರು. ಅಂತೂ ಅವರು ಇಣುಕಿಯಾದರೂ ನೋಡಿದರು. ಎಂಟು ತಿಂಗಳಿಗೆ ಚೀಸು ಬೆಲ್ಲದ ಬಣ್ಣಕ್ಕೆ ತಿರುಗಿ, ಬಾಯಿಗಿಟ್ಟರೆ ಹುರಿದ ಕಡಲೆಕಾಯಿಯ ರುಚಿ ಕೊಟ್ಟಿತು.

ಅದನ್ನು ಐಸ್ ಡಬ್ಬಿಯಲ್ಲಿಟ್ಟು, ವ್ಯಾನು ಮಾಡಿಕೊಂಡು ಬೆಂಗಳೂರಿನ ಮೇಳಕ್ಕೆ ಹೋದೆವು. ಬಂದವರೆಲ್ಲ ಮಾತಾಡಿದ್ದು ಮನೆಯವರ ಜೊತೆಗೇ. ನಾನು ಕೊಯ್ದು ಕೊಡುವವಳು, ತಟ್ಟೆ ಒರೆಸುವವಳು. ಹಾಳಾಗಿ ಹೋಗಲಿ ಎಂದು ಕೊಯ್ಯುತ್ತಾ ಹೋದೆ. ಬೆಳಿಗ್ಗೆ ಬೆಂಗಳೂರಿನ ಅಂಗಡಿಯವರೊಬ್ಬರು ಒಂದು ಚೂರು ತಿಂದು ಕಣ್ಣು ಮುಚ್ಚಿದರು. "ಮಧ್ಯಾಹ್ನ ಮತ್ತೆ ಬರ್ತೀನಿ, ಮಾತಾಡೋಣ" ಎಂದರು. ಅವರೊಬ್ಬರು ಕೊಳ್ಳಲು ಒಪ್ಪಿದರೆ ಪನೀರು ಕೈಬಿಟ್ಟು ನನ್ನ ಚೀಸೊಂದನ್ನೇ ಮಾಡಬಹುದಿತ್ತು. ಮಧ್ಯಾಹ್ನದವರೆಗೆ ಅವರ ದಾರಿ ನೋಡುತ್ತಲೇ ತಟ್ಟೆ ಒರೆಸಿದೆ.

ಐಸ್ ಕರಗಿತೆಂದು ತರಲು ಹೋಗಿದ್ದೆ. ವಾಪಸ್ಸು ಬರುವಾಗ ನಮ್ಮ ಮಳಿಗೆಯ ಮುಂದೆ ಅದೇ ಅಂಗಡಿಯವರು ನಿಂತಿದ್ದರು. "ಇದು ಎಷ್ಟು ಹಳೇದು?" ಎಂದು ಕೇಳುತ್ತಿದ್ದರು.

ಮನೆಯವರು ಕೆನ್ನೆ ಕೆನ್ನೆ ಬಡಿದುಕೊಂಡರು. "ಅಯ್ಯಯ್ಯೋ, ಹಳೇದು ನಮ್ಮತ್ರ ಇಲ್ವೇ ಇಲ್ಲ ಸಾ! ಮೊನ್ನೆ ತಾನೆ ಮಾಡಿದ್ದು. ತಾಜಾ ಮಾಲು, ದೇವ್ರಾಣೆ."

ಅಂಗಡಿಯವರು ಕೈಯಲ್ಲಿದ್ದ ಚೂರನ್ನು ತಟ್ಟೆಗೆ ಹಾಕಿದರು. "ಮೊನ್ನೆ ಮಾಡಿದ್ದಕ್ಕೆ ಈ ರುಚಿ ಹೇಗೆ ಬರುತ್ತೆ? ಏನು ಪೌಡರ್ ಹಾಕಿದೀರ?"

ಐಸನ್ನು ಅಲ್ಲೇ ಬಿಸಾಕಿ ಓಡಿದೆ. "ಸಾರ್, ಅದಕ್ಕೆ ಎಂಟು ತಿಂಗಳಾಗಿದೆ. ಮಾಡಿದೋಳು ನಾನು."

"ನಿಮ್ಮ ಓನರು ಮೊನ್ನೆ ಅಂತ ಆಣೆ ಇಡ್ತಾರೆ, ನೀವು ಎಂಟು ತಿಂಗಳು ಅಂತೀರ. ಮೊದಲು ನೀವಿಬ್ಬರೂ ಮಾತಾಡಿಕೊಳ್ಳಿ ಅಮ್ಮಾ" ಎಂದು ನಕ್ಕು ಮುಂದಿನ ಮಳಿಗೆಗೆ ಹೋದರು.

ಓನರು! ಒಂದು ದಿನವೂ ಆ ಏಣಿಯ ಮೇಲೆ ಕಾಲಿಡದ ಮನುಷ್ಯ ಓನರು. ನನ್ನ ಎಂಟು ತಿಂಗಳು ಹೊಳೆಯಲ್ಲಿ ಹುಣಿಸೆಹಣ್ಣು ಕಿವುಚಿದ ಹಾಗಾಯಿತು. ಡೇರಿಯವರ ಬುದ್ಧಿ ನನಗೆ ಗೊತ್ತಿಲ್ಲವೆಂದಲ್ಲ. ಬೆಳಗಿನ ಹಾಲು ಸಂಜೆಗೆ ಹುಳಿ. ಅಂಥವರಿಗೆ ಹಳೆಯದು ಎಂಬುದೇ ಬೈಗುಳ. ಆ ಬೈಗುಳ ಮೈಗೆ ಅಂಟದಿರಲೆಂದು ಆಣೆ ಇಟ್ಟರು. ಇದೆಲ್ಲ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಒಂದು ಚೂರೂ ಇಳಿಯಲಿಲ್ಲ.

ವಾಪಸ್ಸು ಬರುವಾಗ ಚನ್ನರಾಯಪಟ್ಟಣದ ಹತ್ತಿರ ಟೀ ಕುಡಿಯಲು ವ್ಯಾನು ನಿಂತಿತು. ಮನೆಯವರು ಲೋಟ ತಂದು ಕೊಟ್ಟು, "ಅಷ್ಟ್ ದಿನದ್ದು ಅಂತ ಮೊದ್ಲೇ ಒಂದ್ ಮಾತ್ ಏಳ್ಬಾರ್ದಾಗಿತ್ತೇನೆ?" ಎಂದರು.

ಮೈಯೆಲ್ಲ ಉರಿಯಿತು. "ದಿನಾ ಬೆಳಗಾದ್ರೆ ನಿಮ್ ಕಣ್ಮುಂದೇನೇ ಹಗೇವಿಗೆ ಇಳೀತಿದ್ನಲ್ಲ, ಯಾತಕ್ಕೆ ಅಂತ ಅಂದ್ಕಂಡಿದ್ರಿ?"

ಅವರು ತಲೆ ಕೆರೆದುಕೊಂಡರು. ಸುಳ್ಳು ಹೇಳುತ್ತಿರಲಿಲ್ಲ, ಅದೇ ನನ್ನನ್ನು ಇನ್ನಷ್ಟು ಸುಟ್ಟಿದ್ದು.

"ರಾಗಿ ತೆಗ್ಯಾಕೆ ಅಂದ್ಕಂಡಿದ್ದೆ ಕಣೆ."

ಮಾವ ತೀರಿಕೊಂಡ ಮೇಲೆ ಆ ಹಗೇವಿಗೆ ಒಂದು ಕಾಳು ರಾಗಿ ಬಿದ್ದಿಲ್ಲ. ನಾವು ರಾಗಿ ತರುವುದು ಅಂಗಡಿಯಿಂದ. ಮೂಟೆ ಹೊತ್ತು ತಂದು ಅಡುಗೆಮನೆಯಲ್ಲಿ ಇಳಿಸುವವರು ಅವರೇ.