ಹಲಗೆಯ ಕೆಳಗಿನ ಟೊಳ್ಳು

ಎರಡು ಬೆರಳಗಲದ ಪಟ್ಟಿಯೊಂದು ಮನೆಮಂದಿಯನ್ನೆಲ್ಲ ಅರ್ಧ ದಿನ ನಿಲ್ಲಿಸಬಲ್ಲದೆಂದು ನನಗೆ ಗೊತ್ತಿರಲಿಲ್ಲ, ಮಕ್ಕಳೇ. ಮುಂದಿನ ಕೋಣೆಗೆ ಮರದಂತೆ ಕಾಣುವ ವಿನೈಲ್ ಹಲಗೆ ಹಾಸಬೇಕೆಂದು ನಿಮ್ಮಮ್ಮ ಮಂಜುಳಾ ನಿರ್ಧರಿಸಿದ್ದಳು. ಬೀದಿ ಗೋಡೆಯಿಂದ ಇಡೀ ಹಲಗೆಗಳನ್ನೇ ಹಾಸುತ್ತ ಬಂದರೆ ಎದುರು ಗೋಡೆಯ ಬಳಿ ಎರಡು ಬೆರಳಷ್ಟೇ ಜಾಗ ಉಳಿಯುತ್ತದೆ, ಅಷ್ಟು ಸಣ್ಣ ಪಟ್ಟಿ ನಿಲ್ಲದು, ಆದ್ದರಿಂದ ಎರಡೂ ಕಡೆಯ ಸಾಲನ್ನು ಸಮನಾಗಿ ಕತ್ತರಿಸಬೇಕು ಎಂದು ಕೆಲಸದವನು ಸೀಮೆಸುಣ್ಣದ ಗೆರೆ ಎಳೆದು ತೋರಿಸಿದ. ಸೇಲಂನ ನೇಕಾರರ ಮನೆಯವಳಿಗೆ ಇದೇನು ಹೊಸ ಶಾಸ್ತ್ರವೇ? ಸೀರೆಯ ಎರಡು ಅಂಚುಗಳೂ ಒಂದೇ ಅಗಲವಲ್ಲವೇ? ಆದರೂ ಬಾಯಿ ಬಿಡಲಿಲ್ಲ. ಹಳ್ಳಿಶಾಲೆಯ ಕೊನೆಯ ಸಾಲಿನಲ್ಲಿ ಕೂತು ನಾನು ಚೆನ್ನಾಗಿ ಕಲಿತದ್ದು ಸುಮ್ಮನಿರುವುದೊಂದನ್ನೇ.

ಅಷ್ಟರಲ್ಲಿ ಮಂಜುಳಾ ಕಿಟಕಿಯ ಪಕ್ಕ ನಿಂತು, "ಅತ್ತೆ, ಕಬ್ಬಿಣದ ಬೀರು ಇಲ್ಲೇ ಇಕ್ಕಾನಾ?" ಎಂದಳು.

ಅಲ್ಲಿ ನಿಮ್ಮ ತಾತನ ಮಗ್ಗವಿತ್ತು. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಕೂತು ಅವರು ಜೀವಮಾನವಿಡೀ ನೇಯ್ದರು. ಅವರು ಹೋದ ಮೇಲೆ ಗುಂಡಿ ಮುಚ್ಚಿಸುವ ಕೆಲಸ ನನಗೆ ಬಂತು. ಅವರ ಮೇಲೆ ಒಮ್ಮೆ ಮಣ್ಣು ಬಿದ್ದಾಗಿತ್ತು. ಅವರ ಕಾಲಿದ್ದ ಜಾಗಕ್ಕೂ ಮಣ್ಣು ಸುರಿಸಲು ನನಗೆ ಮನಸ್ಸಾಗಲಿಲ್ಲ. ಯಾರಿಗೂ ಹೇಳದೆ ಮೇಲೊಂದು ಕಲ್ಲುಚಪ್ಪಡಿ ಹೊದಿಸಿ ಸಿಮೆಂಟು ಬಳಿಸಿಬಿಟ್ಟೆ. ಗುಂಡಿ ತುಂಬಿದೆಯೆಂದೇ ಎಲ್ಲರೂ ನಂಬಿದರು. ಅಂದಿನಿಂದ ನೀವು ಅಲ್ಲಿ ಕುಣಿದಾಗಲೆಲ್ಲ ಉಸಿರು ಹಿಡಿದು, ಮುರುಕಿನ ಆಸೆ ತೋರಿಸಿ ಹಿತ್ತಿಲಿಗೆ ಕರೆಯುತ್ತಿದ್ದೆ. ಅಜ್ಜಿಯ ಪ್ರೀತಿಯೆಂದು ನೀವು ತಿಂದ ಮುರುಕಿನಲ್ಲಿ ಅರ್ಧ ಭಯವೇ ಇತ್ತು. ದಿನಾ ಬಗ್ಗಿ ಬಿರುಕು ಹುಡುಕುತ್ತಿದ್ದೆ. ಹಲಗೆ ಹಾಸಿದ ಮೇಲೆ ಬಿರುಕೂ ಕಾಣದು, ಮೇಲೆ ಬೀರುವಿನ ಭಾರ ಬೇರೆ.

"ಅದು ಟೊಳ್ಳು ಕಣಮ್ಮ," ಎಂದೆ, ಗೋಡೆ ನೋಡುತ್ತ. "ಒಳಗೆ ಮಣ್ಣು ಆಕ್ಸಿಲ್ಲ. ಅವರ ಕಾಲಿದ್ದ ಜಾಗ, ಮನಸ್ಸು ಬರ್ಲಿಲ್ಲ."

"ಅಯ್ಯಯ್ಯೋ! ಇಷ್ಟು ವರ್ಸ ನಮ್ಮನ್ನೆಲ್ಲ ಗುಂಡಿ ಮೇಲೆ ಮಲಗ್ಸಿದ್ರಾ, ಅತ್ತೆ?"

ಕೆಲಸದವನು ಸುತ್ತಿಗೆಯ ಹಿಡಿಯಿಂದ ತಟ್ಟಿದ; ಖಾಲಿ ಡಬ್ಬದ ಸದ್ದು ಬಂತು. ಚಪ್ಪಡಿ ಎತ್ತಿ ಮಗುಚಿದಾಗ ಅದರ ಅಡಿಯಲ್ಲಿ ಉದ್ದಕ್ಕೂ ಸೀಳು ಬಿಟ್ಟಿತ್ತು. ಮಂಜುಳಾ ಬಗ್ಗಿ ತಾತನ ಕಾಲಿದ್ದ ಗುಂಡಿಯೊಳಗೆ ಇಣುಕಿದಳು. ಆಮೇಲೆ ಮೆಲ್ಲಗೆ, "ಮೊದಲ ಬುಟ್ಟಿ ನೀವೇ ಆಕಿ, ಅತ್ತೆ. ನಾನೂ ಕೈ ಇಡೀತೀನಿ" ಎಂದಳು. ಇಬ್ಬರೂ ಹಿಡಿದು ಸುರಿದೆವು.

ಮಣ್ಣು ಬಡಿದು ಗಟ್ಟಿಮಾಡಿ, ಮೇಲೆ ಕಾಂಕ್ರೀಟು ಒಣಗಿದ ಮೇಲೆ ಕೆಲಸದವನು ಹೊಸದಾಗಿ ಗೆರೆ ಎಳೆದ; ಈಗ ಎರಡು ಗೋಡೆಗಳ ಪಟ್ಟಿಗಳೂ ಒಂದೇ ಅಗಲ. ಕೆಳಗೆ ಗಟ್ಟಿಯಿದೆಯೆಂದು ನನಗೆ ಗೊತ್ತು. ನನ್ನ ಕಾಲಿಗೆ ಮಾತ್ರ ಇನ್ನೂ ನಂಬಿಕೆ ಬಂದಿಲ್ಲ. ಕಿಟಕಿಯ ಬಳಿ ಬಂದಾಗ ಅದು ಆ ಜಾಗ ತುಳಿಯದೆ ಸುತ್ತುಹಾಕಿಕೊಂಡೇ ಹೋಗುತ್ತದೆ.