ಅಂತರಪಟದ ಆಚೆ ಕೂತವನು

ಹುತ್ತೂರಿನ ಹತ್ತಿರ, ನಾನು ಸೊಸೆಯಾಗಿ ಬಂದ ನಮ್ಮ ಅತ್ತೆಯ ಮನೆ. ರಾಗಿ ಹೊಲ, ಹಿಪ್ಪುನೇರಳೆ ತೋಟ, ಮನೆಗೆ ಅಂಟಿಕೊಂಡೇ ರೇಷ್ಮೆಹುಳ ಸಾಕುವ ಮನೆ. ಇಷ್ಟೆಲ್ಲ ಕೆಲಸದ ನಡುವೆ ಅತ್ತೆ ಯಾರಿಗೂ ಬಿಟ್ಟುಕೊಡದ ಹೊತ್ತು ಒಂದೇ, ಸಂಜೆಯ ಧಾರಾವಾಹಿಯದು. ಮಾವನಿಗೆ ಅದು ಆಗದು. ಶುರುವಾದ ಕೂಡಲೇ "ಅಳೋದು ನೋಡೋಕೆ ಟಿವಿ ಬೇಕಾ?" ಎಂದು ಗೊಣಗಿ, ಜಗಲಿಗೆ ಹೋಗಿ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು.

ಆ ಸಂಜೆ ಧಾರಾವಾಹಿಯ ಹುಡುಗಿಗೆ ಮದುವೆ. ಅವಳು ಮೆಚ್ಚಿದವನನ್ನು ಅವನ ಮಲತಾಯಿ ಹಿಂದಿನ ದಿನವೇ ಬಾವಿಗೆ ತಳ್ಳಿಸಿದ್ದಳು. ಹಾಗಾದರೆ ಅಂತರಪಟದ ಆಚೆ ಕೂತಿರುವ ಗಂಡು ಯಾರು? ಗಟ್ಟಿಮೇಳ ಜೋರಾಯಿತು. ಪಟ ಒಂದು ಗೇಣು ಕೆಳಗಿಳಿಯಿತು. ಪೇಟದ ತುದಿ ಕಂಡಿತು. ಅಷ್ಟಕ್ಕೇ ಕಂತು ಮುಗಿಯಿತು.

ಮರುದಿನ ಟಿವಿ ಹಾಕಿದರೆ ಅದೇ ಹುಡುಗಿ ಎರಡು ಜಡೆ ಬಿಟ್ಟುಕೊಂಡು ಕಾಲೇಜಿಗೆ ಹೋಗುತ್ತಿದ್ದಳು!

"ಏನೇ ಇದು? ಹಸೆಮಣೆ ಮೇಲಿದ್ದೋಳು ಕಾಲೇಜಿಗೆ ಹೊಂಟವ್ಳೆ?" ಅತ್ತೆ ಗಾಬರಿಯಾದರು.

ಮೊಬೈಲಿನಲ್ಲಿ ಹುಡುಕಿ ನಾನು ಹೇಳಿದೆ: "ಬರೆಯೋರು ಮುಷ್ಕರ ಮಾಡ್ತಿದ್ದಾರಂತೆ ಅತ್ತೆ. ದಿನಾ ಒಂದೊಂದು ಕಂತು ಬರೆದು ಸಾಕಾಗಿದೆ, ವಾರಕ್ಕೊಂದು ರಜ ಬೇಕು ಅಂತ. ಅಲ್ಲಿವರೆಗೂ ಹಳೇದೇ."

"ರಜಾನಾ? ನಮ್ಮ ಹುಳಕ್ಕೆ ಹೇಳು ನೋಡೋಣ, ಭಾನುವಾರ ಸೊಪ್ಪು ತಿನ್ಬೇಡಿ ಅಂತ!"

ಊರಿನ ಸಂಜೆಗಳು ಬಣಬಣ ಎನ್ನತೊಡಗಿದವು. ಅಂಗಡಿಯ ಮುಂದೆ, ಡೈರಿಯಲ್ಲಿ ಹಾಲು ಹಾಕುವಾಗ, ಎಲ್ಲೆಲ್ಲೂ ಒಂದೇ ಪ್ರಶ್ನೆ. ಮಾಲೂರಿನಿಂದ ಅತ್ತೆಯ ತಂಗಿ ಫೋನ್ ಮಾಡಿ ಆರೋಗ್ಯ ವಿಚಾರಿಸುವುದಕ್ಕೂ ಮುಂಚೆ "ಅಕ್ಕಾ, ಆಚೆ ಇರೋದು ಯಾರಂತೆ?" ಎಂದು ಕೇಳಿದರು.

ಅಷ್ಟರಲ್ಲಿ ನಮ್ಮ ಹುಳ ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದವು. ಹಣ್ಣಾದ ಹುಳಗಳನ್ನು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ತಡಮಾಡುವಂತಿಲ್ಲ. ಕೇರಿಯ ಹೆಂಗಸರೆಲ್ಲ ಸಹಾಯಕ್ಕೆ ಬಂದರು. ಕೈ ಹುಳದ ಮೇಲಿತ್ತು, ಮನಸ್ಸು ಹಸೆಮಣೆಯ ಮೇಲೆ.

"ಬರೆಯೋರು ಬರೀದಿದ್ರೆ ಏನಂತೆ? ನಾನೇ ಹೇಳ್ತೀನಿ ಕೇಳ್ರೇ," ಎಂದು ಅತ್ತೆ ಶುರು ಮಾಡಿಯೇಬಿಟ್ಟರು. "ಆಚೆ ಕೂತವನು ಮಲತಾಯಿ ತಮ್ಮ. ಹುಡುಗಿಗೆ ಅವನ ಕೈ ಕಾಣ್ತು. ಆರು ಬೆರಳು! ಎದ್ದೋಳೇ ಓಡಿದ್ಳು."

"ಎಲ್ಲಿಗೆ?" ನಾಲ್ಕು ದನಿ ಒಟ್ಟಿಗೆ.

"ಮದುವೆ ಕುರುಡುಮಲೇಲಿ ಅಂತ ಇಟ್ಕೊಳ್ಳಿ. ಗಣೇಶನಿಗೆ ಕೈ ಮುಗಿದು ಶ್ರೀನಿವಾಸಪುರದ ಬಸ್ ಹತ್ತಿದ್ಳು."

ಕುರುಡುಮಲೆಯಿರುವ ಮುಳಬಾಗಿಲ ಕಡೆಯಿಂದಲೇ ಬಂದ ಪಕ್ಕದ ಮನೆಯ ಸೊಸೆ ತಲೆಯಾಡಿಸಿದಳು. "ಅಯ್ಯೋ ದೇವುಡಾ! ಆ ಹೊತ್ತಲ್ಲಿ ಅಲ್ಲಿ ಬಸ್ಸೆಲ್ಲಿದೆ ಅಕ್ಕಾ? ನಮ್ಮೂರು ನಂಗೊತ್ತಿಲ್ವಾ?"

"ಹಂಗಾದ್ರೆ ಟೊಮೆಟೊ ಗಾಡಿ ಹತ್ಲಿ!"

"ರೇಷ್ಮೆ ಸೀರೆ ಉಟ್ಕೊಂಡಾ?"

"ಹೂಂ ಕಣೇ, ಕ್ರೇಟ್ ಮೇಲೆ ಕೂತ್ಕೊಂಡು!"

ನಗು ತಡೆಯಲಾಗದೆ ನಾನು ಹುಳದ ತಟ್ಟೆಯನ್ನು ನೆಲಕ್ಕಿಟ್ಟೆ. ಹುಡುಗಿಯನ್ನು ಗಾಡಿ ಹತ್ತಿಸಿದ್ದಾಯಿತು. ಆದರೆ ಬಾವಿಗೆ ಬಿದ್ದವನನ್ನು ಬದುಕಿಸುವುದು ಹೇಗೆಂದು ಅತ್ತೆಗೆ ತೋಚಲಿಲ್ಲ. ಬಾವಿಗೆ ಹಗ್ಗ ಇಳಿಸಿದರು, ಯಾರೂ ಒಪ್ಪಲಿಲ್ಲ. ಈಜು ಕಲಿಸಿದರು, ಅದೂ ಆಗಲಿಲ್ಲ. ಎಲ್ಲರೂ ಮತ್ತೆ ಹುಳ ಆರಿಸತೊಡಗಿದರು.

ಆಗ ಬಾಗಿಲ ಹತ್ತಿರ ಚಂದ್ರಿಕೆ ನಿಲ್ಲಿಸುತ್ತಿದ್ದ ಮಾವ ಗಂಟಲು ಸರಿಮಾಡಿಕೊಂಡರು. "ಆ ಬಾವೀಲಿ ನೀರೇ ಇಲ್ವಲ್ಲ. ಮೊದಲ್ನೇ ವಾರವೇ ತೋರಿಸಿದ್ರು. ಮೇಕೆಮರಿ ಬಿದ್ದಿತ್ತು, ಕೆಳಗೆ ಬರೀ ಒಣಹುಲ್ಲು. ಅದಕ್ಕೇ ಏನೂ ಆಗ್ಲಿಲ್ಲ."

ಎಲ್ಲರೂ ತಟ್ಟೆ ಬಿಟ್ಟು ಮಾವನ ಕಡೆ ತಿರುಗಿದರು.

"ಅಲ್ರೀ," ಎಂದರು ಅತ್ತೆ ನಿಧಾನವಾಗಿ, "ನೀವು ನೋಡ್ತಾನೇ ಇರ್ಲಿಲ್ವಲ್ಲ?"

"ಕಿವಿಗೆ ಬೀಳ್ತಿತ್ತು."

"ಒಣಹುಲ್ಲು ಕಿವಿಗೆ ಬಿತ್ತಾ?"

ನಗು ಎದ್ದಿತು ನೋಡಿ, ಹೆಂಚು ಹಾರಿಹೋಗುವಂಥ ನಗು. ಒಬ್ಬರ ಹೆಗಲಿಗೆ ಒಬ್ಬರು ಒರಗಿದರು. ಮಾವ ಕೆಂಪಾಗಿ ಆಚೆ ಹೊರಟವರು, ಎರಡೇ ಹೆಜ್ಜೆಗೆ ತಿರುಗಿ, ತಾವೂ ನಕ್ಕು, ತಟ್ಟೆಯ ಮುಂದೆ ಕೂತೇಬಿಟ್ಟರು. ಅಂದಿನಿಂದ ದಿನಾ ಸಂಜೆ ನಮ್ಮ ಹಜಾರದಲ್ಲಿ ಕಥೆ ಮುಂದುವರಿಯಿತು. ಟಿವಿ ಹಾಕುವುದೇ ಮರೆತುಹೋಯಿತು.

ಮುಷ್ಕರ ಮುಗಿದು ಹೊಸ ಕಂತು ಬಂದಾಗ ಮಾವ ರಾಜಾರೋಷವಾಗಿ ಟಿವಿ ಎದುರಿಗೇ ಕೂತರು. ಅಂತರಪಟ ಸರಿಯಿತು. ಆಚೆ ಇದ್ದವನು ಹುಡುಗಿ ಮೆಚ್ಚಿದವನೇ! ಬಾವಿಗೆ ಬಿದ್ದದ್ದು ಅವಳ ಕನಸಂತೆ.

"ಕನಸಾ!" ಮಾವನಿಗೆ ಸಿಟ್ಟು ಬಂತು. "ಇದಕ್ಕಾ ಇಷ್ಟು ದಿನ ಕಾದಿದ್ದು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. "ಪಾಪ, ಬಿಡ್ರಿ. ಬಾವಿಯಿಂದ ಎತ್ತೋದು ಎಷ್ಟು ಕಷ್ಟ ಅಂತ ನಂಗೊತ್ತಾಯ್ತಲ್ಲ. ಅವರಿಗೆ ವಾರಕ್ಕೆ ಎರಡು ರಜ ಕೊಡ್ಲಿ."

ಈಗಲೂ ಅದನ್ನು ತಪ್ಪದೆ ನೋಡುತ್ತೇವೆ. ಮುಗಿದ ಮೇಲೆ ಅತ್ತೆ ಮುದ್ದೆ ತಿರುವುತ್ತಾ, ನಿಜವಾಗಿ ಏನಾಗಬೇಕಿತ್ತೆಂದು ನಮಗೆಲ್ಲ ಹೇಳುತ್ತಾರೆ.