ಬರೋದೆಲ್ಲಾ ವರ ಅಲ್ಲ

ಓಡ್ಲೌಗ್ ತೀರಿಕೊಂಡ ಮೇಲೆ ನಮ್ಮ ದ್ವೀಪದ ಜನ ಅವಳನ್ನು ಶಾಂತ ಸ್ವಭಾವದ ಹೆಂಗಸು ಎಂದು ಕೊಂಡಾಡಲು ಶುರು ಮಾಡಿದ್ದಾರೆ. ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಅವಳ ಸ್ವಭಾವದಲ್ಲಿ ಶಾಂತಿ ಎಳ್ಳಷ್ಟೂ ಇರಲಿಲ್ಲ. ಅವಳು ಸಿಟ್ಟಿನ ಹೆಂಗಸು. ಆ ಸಿಟ್ಟು ತಾನಾಗಿ ಬಂದದ್ದಲ್ಲ, ತರಿಸಿದವರಿದ್ದರು. ಅವರಲ್ಲಿ ಕೆಲವರು ಈಗಲೂ ಭಾನುವಾರ ಪ್ರಾರ್ಥನಾ ಮನೆಯ ಮುಂದಿನ ಬೆಂಚಿನಲ್ಲಿ ಕೂತು ಗಂಟಲು ಹರಿಯುವಂತೆ ಹಾಡುತ್ತಾರೆ.

ನಾನು ಬರ್ಗೆನ್ ಕಡೆಯವಳು. ಮದುವೆಯಾಗಿ ಈ ಸ್ಕಾರ್ವೊಯ್ ದ್ವೀಪಕ್ಕೆ ಬಂದು ಮೀನಿನ ಕಾರ್ಖಾನೆಗೆ ಕೆಲಸಕ್ಕೆ ಸೇರಿದೆ. ನನ್ನನ್ನು ನಿಲ್ಲಿಸಿದ್ದು ಓಡ್ಲೌಗ್ ಪಕ್ಕದಲ್ಲಿ. ಉದ್ದನೆಯ ಮೇಜು, ತಣ್ಣೀರು, ಕಾಡ್ ಎಂಬ ಕಡಲ ಮೀನಿನ ಬೆನ್ನೆಲುಬಿಗೆ ಚಾಕು ತಾಗಿಸಿ ಎರಡೂ ಕಡೆಯ ಮಾಂಸ ಬಿಡಿಸುವ ಕೆಲಸ. ಬೇರೆ ಹೆಂಗಸರು ಗಂಡಂದಿರ ಬಗ್ಗೆ, ಹೊಲಿಗೆಯ ಬಗ್ಗೆ ಮಾತಾಡಿದರೆ ಇವಳು ಹಿಂದಿನ ಭಾನುವಾರ ಪ್ರಾರ್ಥನಾ ಮನೆಯಲ್ಲಿ ಕೇಳಿದ ಪ್ರಸಂಗವನ್ನು ಹಿಡಿದು ಸಿಗಿಯುತ್ತಿದ್ದಳು. ಪ್ರಸಂಗಿ ಎಲ್ಲಿ ದಾರಿ ತಪ್ಪಿದ, ಬೈಬಲಿನಲ್ಲಿ ಕರ್ತನು ನಿಜವಾಗಿ ಯಾರಿಗೆ ಏನು ಹೇಳಿದ, ಯಾಕೆ ಹೇಳಿದ, ಎಲ್ಲವನ್ನೂ ಬಿಡಿಸಿ ಇಡುತ್ತಿದ್ದಳು. ಅವಳ ಬಾಯಲ್ಲಿ ಆ ಹಳೆಯ ಊರುಗಳು ನಮ್ಮ ಬಂದರಿನ ಆಚೆ ದಡದಲ್ಲೇ ಇದ್ದಂತೆ ಕಾಣುತ್ತಿದ್ದವು. ಮೊದಮೊದಲು ನನಗೆ ಕಿರಿಕಿರಿಯಾಗುತ್ತಿತ್ತು. ಆಮೇಲೆ ಅವಳು ಜ್ವರ ಬಂದು ಮನೆಯಲ್ಲಿ ಉಳಿದ ದಿನ ಇಡೀ ಮೇಜೇ ಸಪ್ಪೆಯೆನಿಸಿತು.

ಈ ಗುಣ ಎಲ್ಲಿಂದ ಬಂತೆಂದು ಒಮ್ಮೆ ಕೇಳಿದ್ದೆ. ಅವಳ ಅಜ್ಜಿಗೆ ಕಿವಿ ಕೇಳುತ್ತಿರಲಿಲ್ಲವಂತೆ. ಪ್ರಾರ್ಥನಾ ಮನೆಯಿಂದ ಬಂದಮೇಲೆ ಹುಡುಗಿ ಓಡ್ಲೌಗ್ ಅಜ್ಜಿಯ ಕಿವಿಗೆ ಬಾಯಿಟ್ಟು ಇಡೀ ಪ್ರಸಂಗವನ್ನು ಕೂಗಿ ಹೇಳಬೇಕಿತ್ತು. ಪ್ರಸಂಗಿ ಗೋಜಲು ಮಾಡಿದ್ದನ್ನು ಹಾಗೇ ಕೂಗಿದರೆ ಅಜ್ಜಿಗೆ ಅರ್ಥವಾಗದು. ಅದಕ್ಕೇ ಇವಳು ಸಿಕ್ಕು ಬಿಡಿಸಿ, ಸಣ್ಣ ಸಣ್ಣ ಮಾತಾಗಿ ಮಾಡಿ ಕೂಗುತ್ತಿದ್ದಳು. ಬೇಸಿಗೆಯಲ್ಲಿ ಕಿಟಕಿ ತೆರೆದಿದ್ದರೆ ನೆರೆಯವರು ಬೇಲಿಯ ಹತ್ತಿರ ನಿಂತುಬಿಡುತ್ತಿದ್ದರಂತೆ. ಅಜ್ಜಿ ಹೇಳುತ್ತಿದ್ದಳಂತೆ, ಅವರು ಬಡಿಸಿದ್ದು ಹೊಟ್ಟು, ನೀನು ಬಡಿಸಿದ್ದು ರೊಟ್ಟಿ.

ಆದರೆ ಪ್ರಾರ್ಥನಾ ಮನೆಯಲ್ಲಿ ಹೆಂಗಸರು ಬೋಧಿಸುವಂತಿರಲಿಲ್ಲ. ತಮ್ಮ ನಂಬಿಕೆಯ ಸಾಕ್ಷಿ ಹೇಳಬಹುದು, ಹಾಡಬಹುದು, ಭಾನುವಾರ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಬಣ್ಣದ ಚಿತ್ರ ತೋರಿಸಬಹುದು, ಅಷ್ಟೆ. ಓಡ್ಲೌಗ್‌ಗೆ ಸಿಕ್ಕಿದ್ದು ಅಡುಗೆಕೋಣೆ. ಕಾಫಿ ಕಾಸುವುದು, ಅಚ್ಚಿನಲ್ಲಿ ವಾಫಲ್ ದೋಸೆ ಸುಡುವುದು, ಕಂದು ಚೀಸ್ ಹೆರೆದು ತಟ್ಟೆಯಲ್ಲಿ ಜೋಡಿಸುವುದು. ಪ್ರಸಂಗವನ್ನು ಅವಳು ಕೇಳುತ್ತಿದ್ದುದು ಗೋಡೆಯಲ್ಲಿದ್ದ, ತಟ್ಟೆ ದಾಟಿಸುವ ಕಿಂಡಿಯಿಂದ. ವರ್ಷಗಟ್ಟಲೆ.

ಪ್ರಾರ್ಥನಾ ಮನೆಯ ಸಭೆಯ ಯಜಮಾನಿಕೆ ಹಾಲ್‌ಸ್ಟೈನ್‌ನದು. ದೊಡ್ಡ ದೋಣಿಯ ಒಡೆಯ, ದೊಡ್ಡ ದನಿಯ ಮನುಷ್ಯ. ಅವನ ಹೆಂಡತಿ ಬೋರ್ಗಿಲ್ ನಮ್ಮ ಜೊತೆಗೇ ಮೀನು ಬಿಡಿಸುತ್ತಿದ್ದಳು. ಅವರಿಗೆ ಒಬ್ಬನೇ ಮಗ, ಟೊರ್ಕೆಲ್. ಒಂದು ಫೆಬ್ರವರಿಯಲ್ಲಿ ಬಲೆ ಎಳೆಯುವಾಗ ನೀರುಪಾಲಾದ. ದೇಹ ಸಿಕ್ಕಿತು. ಅಂತ್ಯಕ್ರಿಯೆಯಲ್ಲಿ ಹಾಲ್‌ಸ್ಟೈನ್ ತಾನೇ ಎದ್ದು ನಿಂತು, ಇದು ದೇವರ ಚಿತ್ತ, ಗೊಣಗುವವನು ಅಪನಂಬಿಕೆಯವನು ಎಂದು ಹೇಳಿದ. ಬೋರ್ಗಿಲ್ ಗೋಳಾಡತೊಡಗಿದಾಗ ತೋಳು ಹಿಡಿದು ಕೂರಿಸಿದ. ಊರವರು ಅವನ ನಂಬಿಕೆಯನ್ನು ಮೆಚ್ಚಿಕೊಂಡರು. ಬೋರ್ಗಿಲ್ ಆ ದಿನದಿಂದ ಮಾತು ಬಿಟ್ಟಳು.

ಕೆಲಸಕ್ಕೆ ಮರಳಿ ಬಂದಳು. ಚಾಕು ಹಿಡಿದಳು, ಮೀನು ಬಿಡಿಸಿದಳು, ಮಧ್ಯಾಹ್ನ ಬ್ರೆಡ್ಡನ್ನು ಮುಟ್ಟದೆ ಮಡಚಿಟ್ಟಳು. ಕರೆದರೆ ತಲೆಯೆತ್ತುತ್ತಿರಲಿಲ್ಲ. ಈಸ್ಟರ್ ಕಳೆದರೂ ಹಾಗೇ ಇದ್ದಳು. ಒಂದು ದಿನ ಓಡ್ಲೌಗ್ ಅವಳ ಎದುರಿಗೆ ಹೋಗಿ ನಿಂತು, ಯಾವ ಪೀಠಿಕೆಯೂ ಇಲ್ಲದೆ ಬೈಬಲಿನ ಮಾರ್ಥಳ ಕಥೆ ಎತ್ತಿಕೊಂಡಳು. ಮಾರ್ಥ ಅಂದರೆ ಎಲ್ಲರಿಗೂ ಪಾತ್ರೆ ತೊಳೆಯೋದಷ್ಟೇ ನೆನಪು. ಆದರೆ ತಮ್ಮ ಸತ್ತಾಗ ಮನೆಯಲ್ಲಿ ಕೂತು ಅಳದೆ, ಊರಾಚೆ ದಾರಿಗೆ ನಡೆದುಹೋಗಿ ಕರ್ತನನ್ನೇ ತಡೆದವಳು ಅವಳು. ಎಲ್ಲಿದ್ದೆ, ನೀನು ಬಂದಿದ್ದರೆ ಅವನು ಬದುಕುತ್ತಿದ್ದನಲ್ಲ ಎಂದು ಮುಖದ ಮೇಲೆ ಕೇಳಿದವಳು ಅವಳು. ಕರ್ತನು ಅವಳನ್ನು ಗದರಲಿಲ್ಲ. ನಿಂತು ಕೇಳಿಸಿಕೊಂಡ. ಕೊನೆಗೆ ತಾನೂ ಅತ್ತ.

"ನೀನೂ ಕರ್ತನನ್ನ ಕೇಳು, ಬೋರ್ಗಿಲ್" ಎಂದಳು ಓಡ್ಲೌಗ್. "ಬೈಬೇಕು ಅನ್ಸಿದ್ರೆ ಬೈ. ಅವನು ಹಾಲ್‌ಸ್ಟೈನ್ ಅಲ್ಲ. ತಡ್ಕೋತಾನೆ."

ಬೋರ್ಗಿಲ್ ಬಾಯಿಂದ ಹೊರಟ ಸದ್ದು ಮಾತಾಗಿರಲಿಲ್ಲ. ಆದರೆ ಸದ್ದು ಹೊರಟಿತು. ಮೇಸ್ತ್ರಿ ಓಡಿ ಬಂದ, ನಾವು ಅವನನ್ನು ಆಚೆಗೆ ಅಟ್ಟಿದೆವು. ಮೇಜಿನ ಮೇಲೆ ಮೀನು ಬಿದ್ದಿರಲಿ ಎಂದು ಎಲ್ಲರೂ ಅವಳ ಸುತ್ತ ನಿಂತೆವು. ಮರುದಿನ ಅವಳು ಬ್ರೆಡ್ಡು ತಿಂದಳು. ಆ ವಾರದಲ್ಲೇ ನನ್ನ ಹೆಸರು ಹಿಡಿದು ಕರೆದಳು.

ಇದಾಗಿ ಎರಡು ಚಳಿಗಾಲ ಕಳೆದಿದ್ದವು. ಆಗ ಎಲ್ಲೆಲ್ಲೂ ಪವಿತ್ರಾತ್ಮನು ಒಬ್ಬೊಬ್ಬರಿಗೆ ಕೊಡುವ ವರಗಳದೇ ಮಾತು. ಪಟ್ಟಣದ ಸಭೆಗಳಲ್ಲಿ ಜನ ತಮಗೇ ತಿಳಿಯದ ಅನ್ಯಭಾಷೆಯಲ್ಲಿ ಮಾತಾಡುತ್ತಾರಂತೆ, ಕೈಯಿಟ್ಟರೆ ಕಾಯಿಲೆ ಗುಣವಾಗುತ್ತದಂತೆ ಎಂಬ ಸುದ್ದಿ. ನಮ್ಮ ಹಿರಿಯರು ಹೆದರಿ, ಹದವಾಗಿ ಹೇಳಿಕೊಡುವ ಒಬ್ಬನನ್ನು ಕರೆಸಿದರು. ಐವಿನ್ ಎಂಬ ಯುವ ಪ್ರಸಂಗಿ, ನುಣುಪಾದ ಗಡ್ಡ, ನುಣುಪಾದ ಮಾತು. ಒಂದು ವಾರದ ಕೂಟ. ದೇವರು ವರವಿಲ್ಲದೆ ಯಾರನ್ನೂ ಬಿಟ್ಟಿಲ್ಲ, ವರ ಇರುವುದು ನಮಗಲ್ಲ, ಪಕ್ಕದವನಿಗೆ, ಅದನ್ನು ಮಣ್ಣಲ್ಲಿ ಹೂತಿಡುವುದು ಪಾಪ ಎಂದು ಬೋಧಿಸಿದ. ಚೆನ್ನಾಗಿಯೇ ಬೋಧಿಸಿದ, ಸುಳ್ಳೇಕೆ ಹೇಳಲಿ.

ಆ ವಾರ ಅವನು ದಿನಾ ಅಡುಗೆಕೋಣೆಗೆ ಬಂದು ಓಡ್ಲೌಗ್ ಜೊತೆ ಹರಟುತ್ತಿದ್ದ. ಅವಳು ಅವನ ಪ್ರಸಂಗವನ್ನೇ ಹಿಡಿದು ಪ್ರಶ್ನೆ ಹಾಕುತ್ತಿದ್ದಳು. ನಾನು ಅಲ್ಲೇ ಲೋಟ ಒರೆಸುತ್ತಿದ್ದೆ. ಶುಕ್ರವಾರ ಅವನು ತಟ್ಟೆಯನ್ನು ಕೆಳಗಿಟ್ಟು ಹೇಳಿದ್ದನ್ನು ಈ ಎರಡು ಕಿವಿಯಿಂದ ಕೇಳಿದ್ದೇನೆ. "ಓಡ್ಲೌಗ್, ನಿಮಗೆ ಬೋಧನೆಯ ವರ ಇದೆ. ನಾನು ಕಂಡವರಲ್ಲೆಲ್ಲಾ ಇಷ್ಟು ಸ್ಪಷ್ಟವಾಗಿ ಇನ್ಯಾರಲ್ಲೂ ನೋಡಿಲ್ಲ."

ಅವಳು ಒಲೆ ಮರೆತಳು. ಕಬ್ಬಿಣದ ಅಚ್ಚಿನಲ್ಲಿ ವಾಫಲ್ ಹೊತ್ತಿ ಕರಕಲಾಯಿತು.

ಶನಿವಾರ ಕೊನೆಯ ಕೂಟ. ಒಬ್ಬೊಬ್ಬರೂ ಮುಂದೆ ಬರಬೇಕು, ಅವರಲ್ಲಿ ಕಂಡ ವರವನ್ನು ಸಭೆಯೇ ಹೇಳಬೇಕು ಎಂದ ಐವಿನ್. ಹಾಲ್‌ಸ್ಟೈನ್‌ಗೆ ಮುಂದಾಳುತನದ ವರ ಎಂದರು. ಇನ್ನೇನು ಹೇಳುತ್ತಾರೆ, ಅರ್ಧ ಊರಿಗೆ ಅವನ ದೋಣಿಯಲ್ಲಿ ಕೆಲಸ. ಅವನ ತಮ್ಮ ಸ್ವೆರ್ರೆಗೆ ಬೋಧನೆಯ ವರ ಎಂದರು. ಸ್ವೆರ್ರೆ ಬಾಯಿ ತೆರೆದರೆ ಕೂಸುಗಳೂ ಆಕಳಿಸುತ್ತಿದ್ದವು. ಓಡ್ಲೌಗ್ ಸರದಿ ಬಂದಾಗ ಹಾಲ್‌ಸ್ಟೈನ್ ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ. ಸೋದರಿ ಓಡ್ಲೌಗ್ ಕಾಫಿ ಇಲ್ಲದೆ ನಮ್ಮ ಸಭೆ ಒಂದು ದಿನ ನಡೆದೀತೇ, ಇವಳದು ಸೇವೆಯ ವರ ಎಂದ. ಜನ ನಕ್ಕು ತಲೆಯಾಡಿಸಿದರು.

ಅವಳು ಕದಲಲಿಲ್ಲ. ಸೊಂಟದಲ್ಲಿ ಏಪ್ರನ್ ಇನ್ನೂ ಇತ್ತು.

"ಕಾಫಿ ಕಾಸೋದು ನನಗೆ ಬರುತ್ತೆ" ಎಂದಳು. "ಬಟ್ಟೆ ಒಗೆಯೋದೂ ಬರುತ್ತೆ. ಬರೋದೆಲ್ಲಾ ವರ ಅಲ್ಲ. ಸೇವೆಯ ವರ ದೊಡ್ಡದು, ಅದು ನನ್ನ ಗಂಡನಿಗಿದೆ. ಕಾಯಿಲೆ ಬಿದ್ದವರ ಮನೆಗೆ ಸೌದೆ ಒಡೆದು ಹಾಕಿ ಬರೋನು ಅವನು. ಗಂಡಸು ಅಂತ ನಿಮಗದು ಕಾಣ್ಸಿಲ್ಲ. ದೇವರು ನನಗೆ ಕೊಟ್ಟಿರೋದು ಬೋಧನೆ. ಹುಡುಗಿ ಆಗಿದ್ದಾಗಿಂದ ನನಗಿದು ಗೊತ್ತು. ನಿನ್ನೆ ಇವರೂ ಹೇಳಿದ್ರು."

ಎಲ್ಲರೂ ಐವಿನ್‌ನತ್ತ ತಿರುಗಿದರು. ಅವನು ಹಾಲ್‌ಸ್ಟೈನ್‌ನ ಮುಖ ನೋಡಿದ, ಆಮೇಲೆ ತನ್ನ ಬೂಟು ನೋಡಿಕೊಂಡ. ನಿನ್ನೆಯದು ಸುಮ್ಮನೆ ಆಡಿದ ಮಾತು, ಇಂಥ ವಿಷಯ ಆಯಾ ಊರಿನ ಹಿರಿಯರೇ ತೀರ್ಮಾನಿಸಬೇಕಾದ್ದು ಎಂದ. ಹಾಲ್‌ಸ್ಟೈನ್‌ನದು ಒರಟುತನ. ಹುಟ್ಟಿದಂದಿನಿಂದ ಅವನು ಅದನ್ನೇ ಕಂಡವನು. ಐವಿನ್‌ಗೆ ಸತ್ಯ ಗೊತ್ತಿತ್ತು. ಗೊತ್ತಿದ್ದೂ ನುಂಗಿದ. ನಾನು ಇವನನ್ನು ಈಗಲೂ ಕ್ಷಮಿಸಿಲ್ಲ.

ಸಿಟ್ಟು ಪವಿತ್ರಾತ್ಮನ ಫಲವಲ್ಲ ಸೋದರಿ, ಹೋಗಿ ಕೂತುಕೋ ಎಂದ ಹಾಲ್‌ಸ್ಟೈನ್. ಆಗ ಹಿಂದಿನ ಸಾಲಿನಲ್ಲಿ ಬೆಂಚು ಸರಿದ ಸದ್ದಾಯಿತು. ಎದ್ದವಳು ಅವನ ಹೆಂಡತಿ.

"ನನ್ನ ಮಗ ಸತ್ತಾಗ ನೀನು ನನ್ನ ಬಾಯಿ ಮುಚ್ಚಿಸ್ದೆ" ಎಂದಳು ಬೋರ್ಗಿಲ್. ದನಿ ಏರಿರಲಿಲ್ಲ. "ನಿನ್ನ ತಮ್ಮ ಬೋಧಿಸಿದ, ನೀನು ಬೋಧಿಸ್ದೆ, ನನಗೆ ನೇಣು ಹಾಕ್ಕೊಳ್ಳೋ ಹಾಗಾಗಿತ್ತು. ಮೀನಿನ ಮೇಜಿನ ಹತ್ರ ಇವಳು ಬೋಧಿಸಿದಳು. ನಾನು ಬದುಕಿದ್ದೀನಿ."

ಕೂತ್ಕೋ ಎಂದ ಹಾಲ್‌ಸ್ಟೈನ್. ಅವಳು ಕೂರಲಿಲ್ಲ. ಕೋಟು ತೆಗೆದುಕೊಂಡು ಬಾಗಿಲಿಗೆ ನಡೆದಳು. ಓಡ್ಲೌಗ್ ಏಪ್ರನ್ ಬಿಚ್ಚಿ ಸ್ವೆರ್ರೆಯ ಮಡಿಲಿಗೆ ಹಾಕಿ ಅವಳ ಹಿಂದೆ ಹೊರಟಳು. ನಾನು ಎದ್ದೆ, ಮೀನಿನ ಮೇಜಿನವರೆಲ್ಲ ಎದ್ದೆವು. ಕೊನೆಗೆ ಓಡ್ಲೌಗ್‌ನ ಗಂಡ ಆರ್ನೆ, ಮೂಕನಷ್ಟೇ ಮೌನಿ, ಟೋಪಿ ಹಿಡಿದು ಬಂದ. ಒಲೆಯ ಮೇಲೆ ಕಾಫಿ ಕುದಿದು ಉಕ್ಕುತ್ತಿತ್ತು. ಇಳಿಸಲು ಯಾರೂ ಹೋಗಲಿಲ್ಲವೆಂದು ಆಮೇಲೆ ಕೇಳಿದೆ.

ಹಿರಿಯರು ಅವಳನ್ನು ಕರೆಸಿ, ಸಭೆಯ ಮುಂದೆ ತಪ್ಪೊಪ್ಪಿಕೊಳ್ಳಬೇಕು ಎಂದರು. ಯಾವ ತಪ್ಪು ಎಂದು ಕೇಳಿದಳು. ಅವರಿಗೆ ಸರಿಯಾಗಿ ಹೇಳಲಾಗಲಿಲ್ಲ, ಇವಳು ಒಪ್ಪಲಿಲ್ಲ. ಪ್ರಾರ್ಥನಾ ಮನೆಯ ಬಾಗಿಲು ಅವಳಿಗೆ ಮುಚ್ಚಿತು. ಅಂಗಡಿಯಲ್ಲಿ ಕೆಲವರು ಅವಳ ಹಿಂದೆ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟರು. ಸ್ವಂತ ಅಕ್ಕ ಕ್ರಿಸ್‌ಮಸ್‌ಗೆ ಕರೆಯಲಿಲ್ಲ. ಇದನ್ನೆಲ್ಲ ಈಗ ಯಾರೂ ನೆನೆಯುವುದಿಲ್ಲ.

ಕಾರ್ಖಾನೆಯ ಊಟದ ಕೋಣೆಯಲ್ಲಿ ಗುರುವಾರ ಕೆಲಸ ಮುಗಿದ ಮೇಲೆ ಅವಳು ಬೋಧಿಸತೊಡಗಿದಳು. ಮೈಗೆ ಮೀನಿನ ವಾಸನೆ, ಕಾಲಿಗೆ ರಬ್ಬರ್ ಬೂಟು. ಆರ್ನೆ ಕಾಫಿ ಕಾಸುತ್ತಿದ್ದ, ಅವಳಿಗಿಂತ ಚೆನ್ನಾಗಿ. ಮೊದಲು ನಾವೇ ಇದ್ದೆವು. ಆಮೇಲೆ ದೋಣಿಯವರು ಬಂದರು, ಎಂದೂ ಪ್ರಾರ್ಥನಾ ಮನೆಗೆ ಕಾಲಿಡದ ಕುಡುಕರು ಬಂದರು. ಬಂದವರಲ್ಲಿ ಅವಳು ಅವರವರ ವರಗಳನ್ನೂ ಹುಡುಕುತ್ತಿದ್ದಳು. ನಿನ್ನ ಹತ್ತಿರ ಯಾರು ಬಂದು ಕಷ್ಟ ಹೇಳಿಕೊಳ್ಳುತ್ತಾರೆ, ಯಾವುದನ್ನು ಮಾಡಿದರೆ ಪಕ್ಕದವನು ತಲೆಯೆತ್ತಿ ನಡೆಯುತ್ತಾನೆ, ಅದನ್ನು ನೋಡು ಎನ್ನುತ್ತಿದ್ದಳು. ಬೋರ್ಗಿಲ್‌ಗೆ ಸಾಂತ್ವನದ ವರವಿದೆ ಎಂದು ಹೇಳಿದವಳು ಅವಳೇ. ಸಾವಾದ ಮನೆಗೆಲ್ಲ ಬೋರ್ಗಿಲ್ ಹೋಗತೊಡಗಿದಳು. ಹೋಗಿ ಏನನ್ನೂ ಬೋಧಿಸುತ್ತಿರಲಿಲ್ಲ, ಅಳುವವರನ್ನು ಅಳಲು ಬಿಡುತ್ತಿದ್ದಳು.

ವರ್ಷಗಳು ಕಳೆದವು. ಪ್ರಾರ್ಥನಾ ಮನೆ ಬರಿದಾಯಿತು. ಸ್ವೆರ್ರೆಯ ಬೋಧನೆ ಕೇಳಲು ಸ್ವೆರ್ರೆಯ ಮನೆಯವರೂ ಬರುತ್ತಿರಲಿಲ್ಲ. ಆಗ ಹೊಸ ಹಿರಿಯರು ಓಡ್ಲೌಗ್ ಮನೆಗೆ ಕೇಕ್ ಹಿಡಿದು ಬಂದು, ಕಾಲ ಬದಲಾಗಿದೆ, ಬಂದು ಬೋಧಿಸಿ ಎಂದರು. ಕಾಲ ಬದಲಾಗಿಲ್ಲ, ಬೆಂಚು ಖಾಲಿಯಾಗಿದೆ ಎಂದಳು. ಆದರೂ ಹೋದಳು. ವರ ನನ್ನದಲ್ಲ, ಬಚ್ಚಿಟ್ಟುಕೊಳ್ಳಲು ನಾನ್ಯಾರು ಎಂದಳು. ಮೊದಲ ದಿನ ಬೋಧನೆಗೆ ಮುಂಚೆ, ನನ್ನನ್ನು ಹೊರಗಿಟ್ಟಿದ್ದು ತಪ್ಪು ಎಂದು ಯಾರಾದರೂ ಹೇಳುವ ತನಕ ನಾನು ಶುರುಮಾಡುವುದಿಲ್ಲ ಎಂದು ಸುಮ್ಮನೆ ನಿಂತುಬಿಟ್ಟಳು. ಬಹಳ ಹೊತ್ತು ಕೆಮ್ಮು, ಕಾಲಿನ ಸದ್ದು ಮಾತ್ರ ಕೇಳಿತು. ಕೊನೆಗೆ ಒಬ್ಬ ಮುದುಕ ಎದ್ದು ಆ ಮಾತು ಹೇಳಿದ. ಹಾಲ್‌ಸ್ಟೈನ್ ಅಲ್ಲ, ದೋಣಿಯಲ್ಲಿ ಅಡುಗೆ ಮಾಡುತ್ತಿದ್ದವನು.

ಹಾಲ್‌ಸ್ಟೈನ್ ಹಾಸಿಗೆ ಹಿಡಿದಾಗ ಓಡ್ಲೌಗ್‌ಗೆ ಹೇಳಿಕಳಿಸಿದ. ಹೋಗಿ ಬಂದು ನನಗೆ ಹೇಳಿದಳು. ಅವನು ಕ್ಷಮೆ ಕೇಳಿದನಂತೆ.

"ನೀನೇನಂದೆ?" ಎಂದೆ.

"ನನ್ನನ್ನ ಆಮೇಲೆ ಕೇಳು, ಮೊದಲು ಒಳಗಿರೋಳನ್ನ ಕೇಳು ಅಂದೆ. ಬೋರ್ಗಿಲ್‌ನ ಕರೆದೆ. ಬಾಗಿಲು ಹಾಕ್ಕೊಂಡು ಬಂದೆ."

ಆ ಮಧ್ಯಾಹ್ನ ಹಾಲ್‌ಸ್ಟೈನ್ ಮಗನಿಗಾಗಿ ಅತ್ತನೆಂದು, ಅಂತ್ಯಕ್ರಿಯೆಯ ದಿನವೂ ಅಳದವನು ಹೆಂಡತಿಯ ಕೈ ಹಿಡಿದು ಅತ್ತನೆಂದು ಬೋರ್ಗಿಲ್ ಆಮೇಲೆ ತಿಳಿಸಿದಳು. ಓಡ್ಲೌಗ್ ಮತ್ತೆ ಹೋಗಿ ಅವನಿಗೆ, ಕ್ಷಮಿಸಿದ್ದೇನೆ ಎಂದಳು. ಇಷ್ಟವಿದ್ದಲ್ಲ, ಕ್ಷಮಿಸಬೇಕೆಂದು ಕರ್ತನ ಆಜ್ಞೆಯಿದೆ ಎಂದು.

ಸಿಟ್ಟು ಹೋಯಿತೇ ಎಂದು ನಾನು ಕೇಳಿದ್ದೆ. ಇಲ್ಲ ಎಂದಳು. ಹೋಗಲಿ ಎಂದು ಬೇಡಿಕೊಂಡಿದ್ದಳಂತೆ, ಹೋಗಿರಲಿಲ್ಲವಂತೆ.

"ನನಗಾದ ಅವಮಾನ ಬಿಡು, ಅದು ಸತ್ತ ಮೀನು" ಎಂದಳು. "ಆ ವರ್ಷಗಳಲ್ಲಿ ಈ ಊರಲ್ಲಿ ಎಷ್ಟು ಜನ ಬೋರ್ಗಿಲ್ ಥರ ಬಾಯಿ ಮುಚ್ಕೊಂಡು ಸತ್ರು. ಅವರ ಪಾಲಿನ ರೊಟ್ಟಿ ನನ್ನ ಕೈಲಿತ್ತು. ಕೊಡೋಕೆ ಬಿಡ್ಲಿಲ್ಲ. ಅದನ್ನ ಯಾರು ಕ್ಷಮಿಸ್ಬೇಕು, ಹೇಳು? ನಾನಾ?"

ಅವಳು ಬೂಟು ಹಾಕಿಕೊಂಡು, ಗುರುವಾರದ ಕೂಟಕ್ಕೆ ಹೊತ್ತಾಯಿತೆಂದು ಇಳಿಜಾರಿನಲ್ಲಿ ದಡದಡ ನಡೆದಳು. ನಾನೂ ಹಿಂದೆ ಹೋದೆ.